ಮುಳ್ಳಿನುಂಡೆಗೆ ಎದುರಾದ ಹೊಸ ಶತ್ರುಗಳು

ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ಪೂರ್ವ ಬೋಟ್ಸ್ವಾನಾದ ಹುಲ್ಲುಬಯಲುಗಳಲ್ಲಿ ಒಂದು ಗುಂಪಾಗಿ, ನಮೀಬಿಯಾ ಹಾಗೂ ನೈರುತ್ಯ ಅಂಗೋಲಾದಲ್ಲಿ ಇನ್ನೊಂದು ಗುಂಪಾಗಿ ಬದುಕುವ ಅಟೆಲೆರಿಕ್ಸ್ ಫ್ರಂಟಾಲಿಸ್ ಎಂಬ ಹೆಜ್‌ಹಾಗ್, ಗೇಣುದ್ದಕ್ಕಿಂತ ಹೆಚ್ಚೇನೂ ಬೆಳೆಯದ ಪ್ರಾಣಿ. ಕಪ್ಪು ಮುಖದ ಮೇಲೆ ಹಣೆಗೆ ಅಡ್ಡಲಾಗಿ ಹಾದ ಬಿಳಿಯ ಪಟ್ಟಿಯೇ ಇದರ ಗುರುತು. ಮೈಮೇಲೆ ಮುಳ್ಳಿದ್ದ ಮಾತ್ರಕ್ಕೆ ಇದು ನಮ್ಮ ಮುಳ್ಳುಹಂದಿಯ ಬಳಗವಲ್ಲ. ಮುಳ್ಳುಹಂದಿ ಇಲಿ, ಅಳಿಲುಗಳಂತೆ ದಂಶಕವಾದರೆ, ಹೆಜ್‌ಹಾಗ್ ಸೊಂಡಿಲಿಗಳಿಗೆ ಹತ್ತಿರದ್ದು.

ಹಗಲೆಲ್ಲ ತರಗೆಲೆಯ ರಾಶಿಯಲ್ಲೋ ಪೊದೆಯ ಬುಡದಲ್ಲೋ ಮಲಗಿರುವ ಇದು, ಕತ್ತಲಾದ ಮೇಲೆ ವಾಸನೆಯ ಜಾಡು ಹಿಡಿದು ಜೀರುಂಡೆ, ಗೆದ್ದಲು, ಮಿಡತೆ, ಎರೆಹುಳುಗಳನ್ನು ಹುಡುಕುತ್ತದೆ. ಸಿಕ್ಕರೆ ಕಪ್ಪೆ, ಹಲ್ಲಿಗಳನ್ನೂ ಬಿಡುವುದಿಲ್ಲ. ಹುಳುಗಳು ವಿರಳವಾಗುವ ಅಲ್ಲಿನ ಚಳಿಗಾಲದಲ್ಲಿ, ಅಂದರೆ ದಕ್ಷಿಣಾರ್ಧಗೋಳವಾದ್ದರಿಂದ ಸುಮಾರು ಮೇ ತಿಂಗಳಿಂದ ಆಗಸ್ಟ್‌ವರೆಗೆ, ಮೊದಲೇ ಕೂಡಿಸಿಕೊಂಡ ಕೊಬ್ಬನ್ನು ನಂಬಿ, ದೇಹದ ಉಷ್ಣತೆಯನ್ನು ಇಳಿಸಿಕೊಂಡು ಜಡನಿದ್ರೆಗೆ ಜಾರುತ್ತದೆ. ಬೇಸಗೆಯಲ್ಲಿ, ಸುಮಾರು 35 ದಿನಗಳ ಗರ್ಭದ ನಂತರ, ಸಾಮಾನ್ಯವಾಗಿ ನಾಲ್ಕು ಕುರುಡು ಮರಿಗಳು ಹುಟ್ಟುತ್ತವೆ.

ಇದರ ವಿಚಿತ್ರ ನಡವಳಿಕೆಯೊಂದನ್ನು ಹೇಳಲೇಬೇಕು. ಘಾಟಾದ ವಸ್ತುವೇನಾದರೂ ಸಿಕ್ಕರೆ ಅದನ್ನು ಬಾಯಿಯಲ್ಲಿ ಅಗಿದು ನೊರೆ ಬರಿಸಿ, ಕತ್ತನ್ನು ಹಿಂದಕ್ಕೆ ತಿರುಚಿ, ಆ ನೊರೆಯನ್ನು ನಾಲಿಗೆಯಿಂದ ಮುಳ್ಳುಗಳಿಗೆ ಸವರಿಕೊಳ್ಳುತ್ತದೆ. ಇದರ ಉದ್ದೇಶದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ.

ಅಪಾಯ ಕಂಡೊಡನೆ, ಬೆನ್ನಿನ ಅಂಚನ್ನು ಸುತ್ತುವರಿದ ಸ್ನಾಯು ಲಾಡಿ ಎಳೆದ ಚೀಲದಂತೆ ಬಿಗಿದು, ಮೂತಿ, ಕಾಲು, ಹೊಟ್ಟೆಗಳೆಲ್ಲ ಒಳಸೇರುತ್ತವೆ. ದೊಡ್ಡ ಗೂಬೆಗಳಂಥ ಕೆಲವನ್ನು ಬಿಟ್ಟರೆ ಈ ಉಂಡೆಯನ್ನು ಬಿಡಿಸಬಲ್ಲ ಬೇಟೆಗಾರರು ಕಡಿಮೆ. ಆದರೆ ಓಡಿ ತಪ್ಪಿಸಿಕೊಳ್ಳುವ ಬದಲು ಇದ್ದಲ್ಲೇ ಮುದುಡುವ ಈ ಸ್ವಭಾವ, ಹೆದ್ದಾರಿಯಲ್ಲಿ ವಾಹನ ಎದುರಾದಾಗ ನೇರವಾಗಿ ಸಾವಿಗೆ ದಾರಿಯಾಗುತ್ತದೆ.

ಜಾಗತಿಕ ಮಟ್ಟದಲ್ಲಿ ಈ ಪ್ರಭೇದದ ಬಗ್ಗೆ ಹೆಚ್ಚಿನ ಆತಂಕವಿಲ್ಲ. ಆದರೂ ಪ್ರಾಣಿಗಳ ಅಳಿವಿನ ಅಪಾಯವನ್ನು ಅಳೆಯುವ ದಕ್ಷಿಣ ಆಫ್ರಿಕಾದ 2016ರ ಕೆಂಪುಪಟ್ಟಿ ಇದನ್ನು ‘ಅಪಾಯದ ಅಂಚಿನ ಸಮೀಪ’ದ ವರ್ಗಕ್ಕೆ ಸೇರಿಸಿದೆ. ಹುಲ್ಲುಬಯಲುಗಳು ಹೊಲ, ಗಣಿ, ಬಡಾವಣೆಗಳಾಗುತ್ತಿವೆ. ಕೀಟನಾಶಕಗಳು ಆಹಾರವನ್ನೇ ಕಸಿಯುತ್ತಿವೆ. ನಾಟಿ ಔಷಧಿಗಾಗಿ, ಸಾಕುವುದಕ್ಕಾಗಿ ಹಿಡಿಯುವವರೂ ಇದ್ದಾರೆ. ಪಾಶ್ಚಾತ್ಯ ದೇಶಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವುದು ಬಹುಮಟ್ಟಿಗೆ ಇದರ ದಾಯಾದಿಯಾದ ನಾಲ್ಕು ಬೆರಳಿನ ಹೆಜ್‌ಹಾಗ್. ಕಾಡಿನಿಂದ ಹಿಡಿಯುವುದನ್ನು ಕಾನೂನು ತಡೆಯಬಹುದು. ಆದರೆ ಅಭಯಾರಣ್ಯದ ಬೇಲಿಯಾಚೆ ತೋಟ, ಹಿತ್ತಲುಗಳಲ್ಲೂ ಬದುಕುವ ಈ ಪ್ರಾಣಿಗೆ, ವಿಷ ಸಿಂಪಡಿಸದ ಕೈತೋಟ ಮತ್ತು ಬೆಂಕಿ ಹಚ್ಚುವ ಮುನ್ನ ತರಗೆಲೆ ರಾಶಿಯನ್ನು ಕೆದಕಿ ನೋಡುವ ಮನೆಯವರು ಅಷ್ಟೇ ಅಗತ್ಯವೆಂದು ನನಗನಿಸುತ್ತದೆ.