ಕನ್ನಡಿಯ ಜಾಗಕ್ಕೆ ಪರದೆ ಬಂದಾಗ ಕಣ್ಣಿಗೆ ಬದಲಾಗುವ ದೂರ

“ರಸ್ತೆ ಚೆನ್ನಾಗಿ ಕಾಣುತ್ತದೆ ಡಾಕ್ಟರೇ, ಮುಂದಿನ ಗಾಡಿಯ ನಂಬರ್ ಪ್ಲೇಟನ್ನೂ ಓದಬಲ್ಲೆ, ಆದರೆ ಪಕ್ಕದ ಕ್ಯಾಮೆರಾದ ಚಿತ್ರ ಮಾತ್ರ ಮಸುಕು.” ಈ ದೂರು ಹೊತ್ತು ನನ್ನಲ್ಲಿಗೆ ಬರುವವರು ಕೆಲವು ವರ್ಷಗಳಿಂದ ಹೆಚ್ಚುತ್ತಿದ್ದಾರೆ. ಇವರಲ್ಲಿ ಬಹುತೇಕರು ನಲವತ್ತೈದು ದಾಟಿದವರು. ನನ್ನಲ್ಲಿಗೆ ಬರುವ ಮೊದಲೇ ಅವರು ಕಾರಿನ ಸರ್ವಿಸ್ ಸೆಂಟರಿಗೆ ಹೋಗಿ, ಪರದೆಯ ಬೆಳಕು ಹೆಚ್ಚಿಸಿಕೊಂಡು, ಕ್ಯಾಮೆರಾದ ಗಾಜು ಒರೆಸಿಸಿಕೊಂಡು, ಪರದೆಯನ್ನೇ ಬದಲಾಯಿಸಿಕೊಡಿ ಎಂದು ಜಗಳವನ್ನೂ ಆಡಿ ಬಂದಿರುತ್ತಾರೆ. ಅಲ್ಲಿನ ಇಪ್ಪತ್ತನಾಲ್ಕರ ಹುಡುಗ ಚಾಲಕನ ಸೀಟಿನಲ್ಲಿ ಕುಳಿತು ನೋಡಿ, ಎಲ್ಲವೂ ಸರಿಯಾಗಿಯೇ ಇದೆ ಸಾರ್ ಎಂದು ಹೇಳಿ ಕಳುಹಿಸಿರುತ್ತಾನೆ. ಆ ಹುಡುಗನ ಮಾತು ಸುಳ್ಳಲ್ಲ, ಅವನ ಕಣ್ಣಿಗೆ ಅದು ಸ್ಪಷ್ಟವಾಗಿಯೇ ಕಂಡಿರುತ್ತದೆ. ದೂರು ಹೇಳುವವರ ಮಾತೂ ಸುಳ್ಳಲ್ಲ.

ಪಕ್ಕದ ಕನ್ನಡಿಗಳನ್ನು ತೆಗೆದು ಆ ಜಾಗದಲ್ಲಿ ಸಣ್ಣ ಕ್ಯಾಮೆರಾಗಳನ್ನೂ ಒಳಗೆ ಪರದೆಗಳನ್ನೂ ಕೂರಿಸುವ ವ್ಯವಸ್ಥೆಗೆ ಜಪಾನ್ 2016ರಲ್ಲಿ ಅನುಮತಿ ಕೊಟ್ಟಿತು. 2018ರಲ್ಲಿ ಅಲ್ಲಿ ಲೆಕ್ಸಸ್ ಇಎಸ್ ಕಾರು ಈ ವ್ಯವಸ್ಥೆಯೊಂದಿಗೆ ಮಾರುಕಟ್ಟೆಗೆ ಬಂತು. ಯುರೋಪಿನಲ್ಲಿ ಆಡಿ ಇ-ಟ್ರಾನ್ ಕೊಳ್ಳುವವರು ಬೇಕೆಂದರೆ ಇದನ್ನು ಆಯ್ದುಕೊಳ್ಳಬಹುದಾಗಿತ್ತು. 2020ರಲ್ಲಿ ಬಂದ ಹೋಂಡಾ ಇ ಎಂಬ ಪುಟ್ಟ ವಿದ್ಯುತ್ ಕಾರಿನಲ್ಲಿ ಪಕ್ಕದ ಕನ್ನಡಿಗಳೇ ಇರಲಿಲ್ಲ. ಮರ್ಸಿಡಿಸ್‌ನ ಆಕ್ಟ್ರೋಸ್ ಲಾರಿಗಳಲ್ಲೂ ಕ್ಯಾಮೆರಾಗಳು ಬಂದವು. ಅಮೆರಿಕದಲ್ಲಿ ಇಂದಿಗೂ ಕನ್ನಡಿ ಇರಲೇಬೇಕು. ಗಾಳಿಯ ತಡೆ ಕಡಿಮೆಯಾಗುತ್ತದೆಂಬುದು ಎಂಜಿನಿಯರುಗಳ ಮುಖ್ಯ ವಾದ: ಇ-ಟ್ರಾನ್ ಕಾರಿನಲ್ಲಿ ಗಾಳಿಯ ತಡೆಯ ಗುಣಾಂಕ 0.28ರಿಂದ 0.27ಕ್ಕೆ ಇಳಿಯಿತು, ಕಾರಿನ ಒಟ್ಟು ಅಗಲವೂ 15 ಸೆಂ.ಮೀ. ಕಡಿಮೆಯಾಯಿತು. ನಮ್ಮಲ್ಲಿ ಕನ್ನಡಿ ಉಳಿದುಕೊಂಡಿದೆ. ಆದರೆ ಅದರ ಜೊತೆಗೆ ಪಕ್ಕದ ನೋಟವನ್ನು ಪರದೆಗೆ ತರುವ ಕ್ಯಾಮೆರಾಗಳು ಹೋಂಡಾ ಸಿಟಿಯಂತಹ ಕಾರುಗಳಲ್ಲೂ, ಇಂಡಿಕೇಟರ್ ಹಾಕಿದೊಡನೆ ಸ್ಪೀಡೋಮೀಟರ್ ಇರುವಲ್ಲೇ ಪಕ್ಕದ ರಸ್ತೆ ತೋರಿಸುವ ಹಲವು ಹ್ಯುಂಡೈ, ಕಿಯಾ ಮಾದರಿಗಳಲ್ಲೂ ಬಂದಿವೆ. ಹೀಗಾಗಿ ನನ್ನ ಮುಂದೆ ಕೂರುವವರಲ್ಲಿ ಜರ್ಮನಿಯಿಂದ ರಜೆಗೆ ಬಂದವರೂ ಇದ್ದಾರೆ, ನಮ್ಮದೇ ರಿಂಗ್ ರಸ್ತೆಯಲ್ಲಿ ದಿನವೂ ಓಡಾಡುವವರೂ ಇದ್ದಾರೆ.

ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ. ಕನ್ನಡಿಯೂ ಅಷ್ಟೇ ದೂರದಲ್ಲಿತ್ತು, ಪರದೆಯೂ ಅಷ್ಟೇ ದೂರದಲ್ಲಿದೆ. ಅದು ಕಾಣುತ್ತಿತ್ತು, ಇದೇಕೆ ಕಾಣುವುದಿಲ್ಲ? ಈ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸುವುದಕ್ಕೆ ನನಗೆ ಕಣ್ಣು ಪರೀಕ್ಷಿಸುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಆದ್ದರಿಂದ ಇಲ್ಲಿ ಅದನ್ನು ವಿಸ್ತಾರವಾಗಿಯೇ ಬರೆಯುತ್ತೇನೆ.

ಕಣ್ಣಿನ ವೈದ್ಯರ ಕೋಣೆಯನ್ನು ನೆನಪಿಸಿಕೊಳ್ಳಿ. ಅಕ್ಷರಗಳ ಫಲಕವನ್ನು 6 ಮೀಟರ್ ದೂರದಿಂದ ಓದಿಸಬೇಕೆಂಬುದು ನಿಯಮ, ಆದರೆ ನಮ್ಮ ಊರುಗಳಲ್ಲಿ ಅಷ್ಟು ಉದ್ದದ ಕೋಣೆ ಎಲ್ಲರಿಗೂ ಸಿಗುವುದಿಲ್ಲ. ಅದಕ್ಕೆ ಫಲಕವನ್ನು ರೋಗಿಯ ತಲೆಯ ಮೇಲೆ ಹಿಂದಿನ ಗೋಡೆಗೆ ಹಾಕಿ, ಎದುರಿನ ಗೋಡೆಗೆ 3 ಮೀಟರ್ ದೂರದಲ್ಲಿ ಕನ್ನಡಿ ಹಾಕುತ್ತೇವೆ. ರೋಗಿ ನೋಡುವುದು 3 ಮೀಟರ್ ಆಚೆಯ ಕನ್ನಡಿಯನ್ನು, ಆದರೆ ಅವನ ಕಣ್ಣು ಹೊಂದಿಕೊಳ್ಳುವುದು 6 ಮೀಟರಿಗೆ. ಫಲಕದಿಂದ ಹೊರಟ ಬೆಳಕು ಕನ್ನಡಿಗೆ ಬಂದು ತಿರುಗಿ ಕಣ್ಣಿಗೆ ತಲುಪುವವರೆಗೆ ನಡೆದ ದಾರಿಯೆಲ್ಲ ಲೆಕ್ಕಕ್ಕೆ ಸೇರುತ್ತದೆ. ಕನ್ನಡಿಯ ಮೇಲೆ ನೊಣವೊಂದು ಕುಳಿತರೆ ಮಾತ್ರ ಅದು 3 ಮೀಟರ್ ದೂರದ ವಸ್ತು. ಈ ಪದ್ಧತಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ, ನೀವೆಲ್ಲರೂ ಹಾಗೆಯೇ ಅಕ್ಷರ ಓದಿ ಕನ್ನಡಕ ಬರೆಸಿಕೊಂಡವರು.

ಕಾರಿನೊಳಗೆ ನಡುವೆ ತೂಗುವ ಕನ್ನಡಿ ಹೆಚ್ಚಾಗಿ ಸಮತಲವಾದದ್ದು. ಹಿಂದಿನ ಲಾರಿ 30 ಮೀಟರ್ ದೂರದಲ್ಲಿದ್ದರೆ ಅದರಲ್ಲಿ ಕಾಣುವ ಲಾರಿಯೂ ಕಣ್ಣಿನ ಮಟ್ಟಿಗೆ 30 ಮೀಟರಿಗಿಂತ ಸ್ವಲ್ಪ ಹೆಚ್ಚೇ ದೂರ. ಹೊರಗಿನ ಕನ್ನಡಿಗಳ ಲೆಕ್ಕ ಬೇರೆ, ಏಕೆಂದರೆ ಅವು ಹೆಚ್ಚಾಗಿ ಉಬ್ಬುಗನ್ನಡಿಗಳು. ಉಬ್ಬುಗನ್ನಡಿಯಲ್ಲಿ ದೂರದ ವಸ್ತುವಿನ ಪ್ರತಿಬಿಂಬ ಅದರ ವಕ್ರತೆಯ ತ್ರಿಜ್ಯದ ಸುಮಾರು ಅರ್ಧದಷ್ಟು ಹಿಂದೆ ಮೂಡುತ್ತದೆ. ಯುರೋಪಿನ ನಿಯಮದಂತೆ ಕಾರಿನ ಪಕ್ಕದ ಕನ್ನಡಿಗೆ ಈ ತ್ರಿಜ್ಯ 1200 ಮಿ.ಮೀ.ಗಿಂತ ಕಡಿಮೆ ಇರಬಾರದು, ಅಂದರೆ ಪ್ರತಿಬಿಂಬ ಗಾಜಿನಿಂದ ಸುಮಾರು 60 ಸೆಂ.ಮೀ. ಹಿಂದಿರುತ್ತದೆ. ಕನ್ನಡಿ ನಿಮ್ಮ ಕಣ್ಣಿನಿಂದ 65 ಸೆಂ.ಮೀ. ದೂರದಲ್ಲಿದ್ದರೆ ಕಣ್ಣು ಹೊಂದಿಕೊಳ್ಳಬೇಕಾದ ದೂರ ಸುಮಾರು 125 ಸೆಂ.ಮೀ. ಇದಕ್ಕೆ ಬೇಕಾಗುವ ಹೆಚ್ಚುವರಿ ಶಕ್ತಿ 0.8 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ ಇದು; ಒಂದನ್ನು ಮೀಟರುಗಳಲ್ಲಿನ ದೂರದಿಂದ ಭಾಗಿಸಿದರೆ ಸಿಗುತ್ತದೆ). ಕನ್ನಡಿಯ ಜಾಗದಲ್ಲೇ ಪರದೆ ಕೂರಿಸಿದರೆ ಚಿತ್ರ ಮೂಡುವುದು ಪರದೆಯ ಮೈಮೇಲೆ, 65 ಸೆಂ.ಮೀ.ನಲ್ಲೇ. ಅದಕ್ಕೆ ಬೇಕಾದದ್ದು 1.5 ಡಯಾಪ್ಟರ್, ಹೆಚ್ಚುಕಡಿಮೆ ಎರಡರಷ್ಟು. ಕನ್ನಡಿ ಗೋಡೆಯಲ್ಲಿ ತೆರೆದ ಕಿಟಕಿಯಾದರೆ ಪರದೆ ಅದೇ ಗೋಡೆಗೆ ತೂಗುಹಾಕಿದ ಚಿತ್ರಪಟ.

ಈ ಎರಡರಷ್ಟು ಎಂಬುದು ಯಾರಿಗೆ ತೊಂದರೆ ಕೊಡುತ್ತದೆ? ಹತ್ತು ವರ್ಷದ ಮಗುವಿನ ಕಣ್ಣಿಗೆ ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ ಹನ್ನೆರಡು ಡಯಾಪ್ಟರಿಗಿಂತ ಹೆಚ್ಚಿರುತ್ತದೆ. ನಲವತ್ತೈದರ ಹೊತ್ತಿಗೆ ಅದು ಮೂರು ನಾಲ್ಕಕ್ಕೆ ಇಳಿದಿರುತ್ತದೆ, ಐವತ್ತೆರಡು ಐವತ್ತಮೂರಕ್ಕೆ ಎರಡರ ಆಸುಪಾಸು, ಅರವತ್ತಕ್ಕೆ ಒಂದಕ್ಕಿಂತ ಕಡಿಮೆ. ಇದನ್ನೇ ನಾವು ಚಾಳೀಸು ಎನ್ನುವುದು. ಇದ್ದ ಶಕ್ತಿಯಲ್ಲಿ ಅರ್ಧವನ್ನಷ್ಟೇ ಆಯಾಸವಿಲ್ಲದೆ ಬಳಸಬಹುದೆಂಬುದು ನಮ್ಮ ವೃತ್ತಿಯ ಸಾಮಾನ್ಯ ಲೆಕ್ಕ. ಈಗ ಕೂಡಿಸಿ ನೋಡಿ: ಐವತ್ತೆರಡು ವರ್ಷದವರು ದೂರದ ಕನ್ನಡಕ ಹಾಕಿಕೊಂಡು ಸುಲಭವಾಗಿ ಬಳಸಬಲ್ಲದ್ದು ಒಂದು ಡಯಾಪ್ಟರ್. ಹೊರಗಿನ ಕನ್ನಡಿಗೆ ಅದು ಸಾಕಾಗುತ್ತದೆ, ಪರದೆಗೆ ಸಾಕಾಗುವುದಿಲ್ಲ. ಸರ್ವಿಸ್ ಸೆಂಟರಿನ ಹುಡುಗನಿಗೆ ಈ ಲೆಕ್ಕದ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಕೊಟ್ಟಿರುವ ಅಂಕಿಗಳು ಸರಾಸರಿಯ ಮಾತು, ಒಬ್ಬೊಬ್ಬರ ಕಣ್ಣೂ ಒಂದೊಂದು ಬಗೆ ಎಂಬುದನ್ನು ಮರೆಯಬಾರದು.

ಸ್ಟುಟ್‌ಗಾರ್ಟಿನಲ್ಲಿ ಕೆಲಸದಲ್ಲಿರುವ, ಹಾಸನ ಮೂಲದ ಎಂಜಿನಿಯರೊಬ್ಬರು ತಾಯಿಯ ಪೊರೆ ಚಿಕಿತ್ಸೆಗೆಂದು ಬಂದಾಗ ತಮ್ಮ ಕಣ್ಣನ್ನೂ ತೋರಿಸಿದರು. ಅವರಿಗೆ ಮೈನಸ್ ಮೂರರ ಕನ್ನಡಕವಿದೆ, ಅಂದರೆ ಕನ್ನಡಕವಿಲ್ಲದೆ ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ನಾನು ಬರೆದುಕೊಟ್ಟ ಲೆಕ್ಕವನ್ನು ಎರಡು ಬಾರಿ ಓದಿದ ಮೇಲೂ ಒಪ್ಪಲಿಲ್ಲ. ಎಂಜಿನಿಯರುಗಳು ಹಾಗೆಯೇ, ಕಂಡದ್ದನ್ನು ಮಾತ್ರ ನಂಬುತ್ತಾರೆ, ಆ ಗುಣ ನನಗೆ ಇಷ್ಟವೂ ಹೌದು. ಕನ್ನಡಕ ತೆಗೆಸಿ, ಕೈಗೆ ಒಂದು ಸಣ್ಣ ಕನ್ನಡಿ ಕೊಟ್ಟು, ಕಿಟಕಿಗೆ ಬೆನ್ನು ಮಾಡಿ ಕೂರಿಸಿದೆ. ಕನ್ನಡಿಯನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು, ಬೀದಿಯಾಚೆಯ ಔಷಧದಂಗಡಿಯ ಫಲಕ ನೋಡಿ ಎಂದೆ. ಫಲಕ ಬರೀ ಹಸಿರು ಮಬ್ಬು. ಆಮೇಲೆ ಅದೇ ಕೈಯಲ್ಲಿ, ಅದೇ ದೂರದಲ್ಲಿ ಅವರ ಮೊಬೈಲನ್ನು ಸೆಲ್ಫಿ ಕ್ಯಾಮೆರಾ ತೆರೆದು ಹಿಡಿಯಲು ಹೇಳಿದೆ. ಫಲಕದ ಅಂಚಿನ ದೀಪದ ಸಾಲು, ಅಂಗಡಿಯ ಮುಂದೆ ನಿಂತ ಸ್ಕೂಟರಿನ ಹ್ಯಾಂಡಲ್ಲು, ಎಲ್ಲವೂ ಗೆರೆ ಕೊರೆದಂತೆ ಕಂಡವು. ಅವರು ಕನ್ನಡಿ ಹಿಡಿದರು, ಮೊಬೈಲ್ ಹಿಡಿದರು, ಮತ್ತೆ ಕನ್ನಡಿ ಹಿಡಿದರು. “ಹಾಗಾದರೆ ನನ್ನ ಕನ್ನಡಕವೇ ತಪ್ಪಾಗಿದೆಯೇ?” ಎಂದು ಕೇಳಿದರು. ತಪ್ಪಾಗಿಲ್ಲ, ಅದನ್ನು ಬರೆದವರು ನೀವು ಕನ್ನಡಿಯಿರುವ ಕಾರು ಓಡಿಸುತ್ತೀರಿ ಎಂದುಕೊಂಡು ಬರೆದಿದ್ದಾರೆ ಎಂದು ಹೇಳಿದೆ. ಮೈನಸ್ ನಂಬರು ಇರುವ ಯಾರು ಬೇಕಾದರೂ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡಬಹುದು. ಕಾರಿನಲ್ಲಿ ಕುಳಿತು ಮಾತ್ರ ಕನ್ನಡಕ ತೆಗೆಯಬೇಡಿ.

ದೂರಿಗಿಂತ ನನಗೆ ಹೆಚ್ಚು ಆತಂಕ ತರುವುದು ಜನರು ತಾವೇ ಹುಡುಕಿಕೊಳ್ಳುವ ಪರಿಹಾರ. ಔಷಧದಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ಲಸ್ ಎರಡರ ಓದುವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕಾರು ಓಡಿಸುವವರಿದ್ದಾರೆ. ಆ ಗಾಜಿನಲ್ಲಿ ಅರ್ಧ ಮೀಟರಿನ ಆಸುಪಾಸು ಸ್ಪಷ್ಟ, ರಸ್ತೆ ಮಸುಕು. ಕಂಪ್ಯೂಟರ್ ಕೆಲಸಕ್ಕೆಂದು ಮಾಡಿಸಿದ ಆಫೀಸ್ ಲೆನ್ಸ್ ಹಾಕಿಕೊಂಡು ಬರುವವರಿದ್ದಾರೆ. ಅದರಲ್ಲಿ ಪರದೆ ಸೊಗಸಾಗಿ ಕಾಣುತ್ತದೆ ನಿಜ, ಆದರೆ ಅದನ್ನು ದೂರದ ನೋಟಕ್ಕೆಂದು ಮಾಡಿರುವುದಿಲ್ಲ. ಇವೆರಡನ್ನೂ ಹಾಕಿಕೊಂಡು ದಯವಿಟ್ಟು ವಾಹನ ಓಡಿಸಬೇಡಿ. ಪಕ್ಕದ ಪರದೆ ಮಸುಕಾಗಿ ಕಾಣುವುದಕ್ಕಿಂತ ಎದುರಿನ ರಸ್ತೆ ಮಸುಕಾಗಿ ಕಾಣುವುದು ಎಷ್ಟೋ ಪಾಲು ಅಪಾಯದ ಸಂಗತಿ.

ಪ್ರೋಗ್ರೆಸ್ಸಿವ್ ಕನ್ನಡಕ ಇರುವವರು ತಮಗೆ ಈ ತೊಂದರೆ ಇಲ್ಲವೆಂದು ಭಾವಿಸುತ್ತಾರೆ. ಅದು ಅರ್ಧ ಸತ್ಯ. ಆ ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಿಗೆ, ನಡುವೆ ಒಂದು ಕಿರಿದಾದ ಓಣಿಯಷ್ಟೇ ಮಧ್ಯದ ದೂರಕ್ಕೆ. ಆ ಓಣಿಯ ಎರಡೂ ಬದಿಯಲ್ಲಿ ನೋಟ ಕಲಕುತ್ತದೆ. ಇ-ಟ್ರಾನ್ ಕಾರಿನಲ್ಲಿ ಪರದೆ ಬಾಗಿಲಿನಲ್ಲಿ ಕಿಟಕಿಯ ಅಂಚಿನ ಬಳಿ ಕೂತಿದೆ, ಲೆಕ್ಸಸ್ಸಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬದ ಬುಡದಲ್ಲಿ, ಹೋಂಡಾ ಇ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಎರಡು ತುದಿಗಳಲ್ಲಿ. ತಲೆ ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸಿ ನೋಡಿದರೆ ದೃಷ್ಟಿ ಓಣಿಯನ್ನು ಬಿಟ್ಟು ಆ ಕಲಕಿದ ಅಂಚಿನ ಮೂಲಕವೇ ಹಾಯುತ್ತದೆ. ಮೂಗು ಪರದೆಯ ಕಡೆಗೆ ತಿರುಗುವಂತೆ ತಲೆಯನ್ನೇ ಸ್ವಲ್ಪ ಹೊರಳಿಸುವ ಅಭ್ಯಾಸ ಮಾಡಿಕೊಂಡರೆ ಹಲವರಿಗೆ ಅಷ್ಟರಿಂದಲೇ ಗುಣ ಕಂಡಿದೆ.

ಸ್ಪಷ್ಟವಾಗಿ ಕಾಣುವುದಷ್ಟೇ ಅಲ್ಲ, ಎಷ್ಟು ಬೇಗ ಕಾಣುತ್ತದೆಂಬುದೂ ಮುಖ್ಯ. ರಸ್ತೆಯಿಂದ ಪರದೆಗೆ, ಪರದೆಯಿಂದ ರಸ್ತೆಗೆ ಕಣ್ಣು ಪ್ರತಿ ಸಲವೂ ಹೊಂದಿಕೊಳ್ಳಬೇಕು, ವಯಸ್ಸಾದಂತೆ ಆ ಹೊಂದಿಕೆ ನಿಧಾನವಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಅರ್ಧ ಸೆಕೆಂಡ್ ತಡವಾದರೆ 11 ಮೀಟರ್ ಹೋಗಿಯೇ ಬಿಟ್ಟಿರುತ್ತದೆ. ಇದರ ಜೊತೆಗೆ ಇನ್ನೊಂದು ವ್ಯತ್ಯಾಸವಿದೆ. ಪಕ್ಕದ ರಸ್ತೆಗೆ ಸೇರುವಾಗ ಅನುಭವಿ ಚಾಲಕರು ತಮಗೆ ಅರಿವಿಲ್ಲದೆಯೇ ತುಸು ಮುಂದಕ್ಕೆ ಬಾಗಿ ಕನ್ನಡಿಯಲ್ಲಿ ಇನ್ನಷ್ಟು ದೂರ ನೋಡುತ್ತಾರೆ. ಪರದೆಯ ಮುಂದೆ ಎಷ್ಟು ಬಾಗಿದರೂ ಕ್ಯಾಮೆರಾ ಹಿಡಿದದ್ದಕ್ಕಿಂತ ಒಂದಿಂಚೂ ಹೆಚ್ಚು ಕಾಣುವುದಿಲ್ಲ. ಹೊಸ ಕಾರು ಬಂದ ಮೊದಲ ವಾರಗಳಲ್ಲಿ ಖಾಲಿ ರಸ್ತೆಯಲ್ಲಿ ಇದನ್ನು ರೂಢಿಸಿಕೊಳ್ಳುವುದು ಒಳ್ಳೆಯದು.

ನಾನು ಕ್ಯಾಮೆರಾಗಳ ವಿರೋಧಿಯಲ್ಲ. ಪೊರೆ ಶುರುವಾದವರಿಗೆ ರಾತ್ರಿ ಹಿಂದಿನ ವಾಹನದ ಹೈಬೀಮ್ ಕನ್ನಡಿಯಲ್ಲಿ ಬಿದ್ದರೆ ಕಣ್ಣು ಕತ್ತಲೆಗಟ್ಟುತ್ತದೆ. ಪರದೆ ತನ್ನ ಮಿತಿಗಿಂತ ಹೆಚ್ಚು ಬೆಳಗಲಾರದು, ಆದ್ದರಿಂದ ಅಂಥವರಲ್ಲಿ ಕೆಲವರು ಅದನ್ನೇ ಮೆಚ್ಚಿಕೊಳ್ಳುತ್ತಾರೆ. ಆದರೆ ಅಂಗಡಿಯಲ್ಲಿ ಕ್ಯಾಮೆರಾ ಹಾಕಿಸಿಕೊಂಡು ಇರುವ ಕನ್ನಡಿಯನ್ನು ಮಡಚಿಟ್ಟೇ ಓಡಾಡುವ ಚಾಳಿಗೆ ನನ್ನ ಸ್ಪಷ್ಟ ವಿರೋಧವಿದೆ. ಕಾನೂನು ನನ್ನ ಕ್ಷೇತ್ರವಲ್ಲ. ಕನ್ನಡಿಯನ್ನೇ ಕಿತ್ತು ಹಾಕಬೇಕೆಂದಿರುವವರು ಮಾತ್ರ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಇಟ್ಟಿರುವುದನ್ನು ತಿಳಿದಿರಲಿ.

ಚಾಲನಾ ಪರವಾನಗಿಯ ಅರ್ಜಿಯಲ್ಲಿ ನಮ್ಮ ಸರ್ಕಾರ ಕೇಳುವುದು 25 ಮೀಟರ್ ದೂರದ ನಂಬರ್ ಪ್ಲೇಟ್ ಹಗಲಿನಲ್ಲಿ ಕಾಣುತ್ತದೆಯೇ ಎಂದು. ಕೈಯಳತೆಯ ದೂರದಲ್ಲಿರುವ ಪರದೆ ಕಾಣುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ನೀವಾಗಿಯೇ ಹೇಳದಿದ್ದರೆ ಕನ್ನಡಕ ಬರೆಯುವವರಿಗೂ ಅದು ಹೊಳೆಯುವುದಿಲ್ಲ. ಆದ್ದರಿಂದ ಕಣ್ಣು ಪರೀಕ್ಷೆಗೆ ಬರುವ ಮೊದಲು ಒಂದು ಕೆಲಸ ಮಾಡಿ. ದಿನವೂ ಕೂರುವಂತೆಯೇ ಸೀಟ್ ಬೆಲ್ಟ್ ಹಾಕಿ ಕುಳಿತು, ಮನೆಯವರೊಬ್ಬರಿಗೆ ಹೇಳಿ ನಿಮ್ಮ ಕಣ್ಣಿನಿಂದ ಎರಡೂ ಪರದೆಗಳ ದೂರವನ್ನು ಟೇಪಿನಲ್ಲಿ ಅಳೆಸಿ. ಹತ್ತಿರದ್ದು ಎಷ್ಟು, ಆಚೆಯದು ಎಷ್ಟು, ಅವು ಕಣ್ಣಿನ ಮಟ್ಟಕ್ಕಿಂತ ಎಷ್ಟು ಕೆಳಗಿವೆ ಎಂದು ಬರೆದು ತನ್ನಿ. ಅಷ್ಟು ತಿಳಿದರೆ ದೂರದ ನೋಟ ಕೆಡದಂತೆ, ಮಧ್ಯದ ದೂರ ಅಗಲವಾಗಿ ಸಿಗುವ ಗಾಜನ್ನು ಆರಿಸಿ ಟ್ರಯಲ್ ಫ್ರೇಮಿನಲ್ಲಿ (ಗಾಜು ಬದಲಿಸಿ ನೋಡುವ ಪರೀಕ್ಷೆಯ ಚೌಕಟ್ಟಿನಲ್ಲಿ) ತೋರಿಸುವುದು ಸಾಧ್ಯವಾಗುತ್ತದೆ.

ಪೊರೆಯ ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿರುವವರು ಈ ಮಾತನ್ನು ಚಿಕಿತ್ಸೆಗೆ ಮೊದಲೇ ಹೇಳಬೇಕು. ಕಣ್ಣಿನೊಳಗೆ ಹಾಕುವ ಸಾಮಾನ್ಯ ಮಸೂರ ಒಂದೇ ದೂರಕ್ಕೆ ಹೊಂದಿಸಿದ್ದು, ಅದಕ್ಕೆ ತಾನಾಗಿ ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ ಇಲ್ಲ. ದೂರಕ್ಕೆ ಹಾಕಿಸಿಕೊಂಡರೆ ರಸ್ತೆ ಕನ್ನಡಕವಿಲ್ಲದೆ ಕಾಣುತ್ತದೆ, ಪರದೆಗೆ ಕನ್ನಡಕ ಬೇಕಾಗುತ್ತದೆ. ಮಧ್ಯದ ದೂರವನ್ನೂ ತಕ್ಕಮಟ್ಟಿಗೆ ಕೊಡುವ ಮಸೂರಗಳು ಈಗ ಇವೆ, ಅವುಗಳಿಗೆ ಅವುಗಳದೇ ಇತಿಮಿತಿಗಳಿವೆ, ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಯಂತಹ ಬೆಳಕು ಕಾಣುವುದೂ ಉಂಟು. ಯಾವುದು ನಿಮಗೆ ಒಗ್ಗುತ್ತದೆಂಬುದನ್ನು ನಿಮ್ಮ ಕಣ್ಣನ್ನು ನೋಡಿದ ವೈದ್ಯರೇ ಹೇಳಬೇಕು. ಒಮ್ಮೆ ಕೂರಿಸಿದ ಮಸೂರವನ್ನು ಬದಲಾಯಿಸುವುದು ಮತ್ತೊಂದು ಶಸ್ತ್ರಚಿಕಿತ್ಸೆಯಾದ್ದರಿಂದ, ನೀವು ಎಂತಹ ಕಾರು ಓಡಿಸುತ್ತೀರಿ, ರಾತ್ರಿ ಎಷ್ಟು ಓಡಿಸುತ್ತೀರಿ ಎಂಬುದನ್ನು ಮಸೂರದ ಅಳತೆ ತೆಗೆಯುವ ದಿನವೇ ಅವರಿಗೆ ತಿಳಿಸಿ.