ಪದ ಪರಿಚಯ: ಟ್ಯೂನಿಂಗ್

‘ಗಾಡಿ ಫುಲ್ ಟ್ಯೂನಿಂಗ್ ಮಾಡಸೇನ್ರಿ’ ಎಂದು ಹುಬ್ಬಳ್ಳಿಯಲ್ಲಿ ಯಾರಾದರೂ ಅಂದರೆ ಮುಂದಿನ ಮಾತು ಕೇಳುವ ಮೊದಲೇ ಗೊತ್ತು: ಸೈಲೆನ್ಸರ್ ಕೊಯ್ಸಿದ್ದು, ಅಲಾಯ್ ಹಾಕ್ಸಿದ್ದು, ಬಾನೆಟ್ ಮೇಲೆ ಎರಡು ಕರಿ ಪಟ್ಟಿ ಹಚ್ಚಿಸಿದ್ದು. ಈಗ ಹಳೇ ಪ್ರೀಮಿಯರ್ ಪದ್ಮಿನಿ ಕಾರು ಮಾರುವವರೂ ಜಾಹೀರಾತಿಗೆ ‘ಡ್ರ್ಯಾಗ್ ಟ್ಯೂನ್ಡ್’ (ನೇರ ದಾರಿಯ ವೇಗದ ಓಟಕ್ಕೆ ಹೊಂದಿಸಿದ್ದು) ಎಂದು ಸೇರಿಸತೊಡಗಿದ್ದಾರೆ. ಫೋಟೊ ನೋಡಿದರೆ ಬಾಯಿ ತೆರೆದ ಪೈಪು ಬಿಟ್ಟು ಬೇರೇನೂ ಕಾಣದು. ಇದು ಸದ್ದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ದಂಡಕ್ಕೂ ದಾರಿ. ಟ್ಯೂನಿಂಗ್ ಮಾತ್ರ ಅಲ್ಲ.

ಪದದ ಬೇರು ಹಿಡಿದರೆ ಗೊಂದಲ ತಾನೇ ಹರಿಯುತ್ತದೆ. ಇಂಗ್ಲಿಷಿನ ಟ್ಯೂನ್ ಅಲ್ಲಿಯದೇ ಟೋನ್‌ನ ಇನ್ನೊಂದು ರೂಪ. ಟೋನ್ ಬಂದದ್ದು ಫ್ರೆಂಚ್, ಲ್ಯಾಟಿನ್ ದಾಟಿ ಗ್ರೀಕಿನ ‘ಟೋನೊಸ್’ನಿಂದ. ಟೋನೊಸ್ ಅಂದರೆ ಬಿಗಿತ, ಎಳೆದು ಕಟ್ಟಿದ್ದು. ಅದೇ ಬೇರಿನ ಸಂಸ್ಕೃತದ ಕವಲು ‘ತನ್’ ಧಾತು. ತಂತು, ತಂತಿ, ತಂತ್ರ, ಗವಾಯಿಗಳ ತಾನ್ ಎಲ್ಲವೂ ಅದರ ಮಕ್ಕಳು. ಹಾಗಾಗಿ ಗ್ಯಾರೇಜಿನ ಟ್ಯೂನಿಂಗೂ ಧಾರವಾಡದ ಬೈಠಕ್ಕಿನ ತಾನೂ ದೂರದ ದಾಯಾದಿಗಳು. (ತಂಬೂರಿ ಎಂಬ ಪದ ಮಾತ್ರ ಈ ಮನೆತನದ್ದಲ್ಲ, ಅದು ಪರ್ಷಿಯನ್-ಅರಬ್ಬಿ ಕಡೆಯದು. ತಾನ್ ತುಂಬುವುದರಿಂದ ತಾನ್‌ಪುರ ಎಂಬುದು ಆಮೇಲೆ ಹೊಸೆದ ಕಥೆ.)

ತಂಬೂರಿ ಶ್ರುತಿಗೂಡಿಸುವುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬಿರಡೆ ತಿರುವಿ ತಂತಿಯನ್ನು ಹತ್ತಿರಕ್ಕೆ ತರುವುದು, ಮಣಿ ಸರಿಸಿ ಕೂದಲೆಳೆಯಷ್ಟು ತಿದ್ದುವುದು, ಕೊನೆಗೆ ಕುದುರೆಯ ಮೇಲಿನ ನೂಲನ್ನು ಜರುಗಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ತೆರೆಯುವುದು. (ಕೋಳಿಯ ಜವಾರಿ ಬೇರೆ.) ಇಷ್ಟರಲ್ಲಿ ಯಾರೂ ಐದನೆಯ ತಂತಿ ಕಟ್ಟುವುದಿಲ್ಲ, ಬುರುಡೆಗೆ ಬಣ್ಣ ಬಳಿಯುವುದಿಲ್ಲ. ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: ಯಾರ ಶ್ರುತಿಗೆ? ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕರಿ ಒಂದಕ್ಕೋ, ಬಿಳಿ ಎರಡಕ್ಕೋ? ನಮ್ಮ ‘ಫುಲ್ ಟ್ಯೂನಿಂಗ್’ನವರು ನುಂಗಿಹಾಕಿರುವುದು ಈ ಚತುರ್ಥಿ ವಿಭಕ್ತಿಯನ್ನೇ. ಯಾವುದಕ್ಕೆ ಎಂದು ಹೇಳದ ಟ್ಯೂನಿಂಗ್‌ಗೆ ಅರ್ಥವಿಲ್ಲ.

ಹಾಗಾಗಿ ಟ್ಯೂನಿಂಗ್ ಎಂದರೆ ಗಾಡಿಯಲ್ಲಿ ಇರುವ ಭಾಗಗಳನ್ನೇ ಒಂದು ಗೊತ್ತಾದ ಕೆಲಸಕ್ಕೆ ತಕ್ಕಂತೆ ಒಂದಕ್ಕೊಂದು ಹೊಂದಿಸುವುದು. ದೊಡ್ಡ ಕಾರ್ಬ್ಯುರೇಟರ್ ಕೂರಿಸುವುದು ಮಾಡಿಫಿಕೇಶನ್. ಅದಾದ ಮೇಲೆ ಟ್ಯೂನಿಂಗ್ ಹೊಸದಾಗಿ ಮಾಡಲೇಬೇಕು, ಬಹಳ ಜನ ಬಿಡುವುದೂ ಅದನ್ನೇ. ಸ್ಟೆಪ್ನಿ, ಜಾಕು ಇಳಿಸುವುದು ಭಾರ ಕಳೆಯುವುದು. ಆಯಿಲ್ ಬದಲಿಸುವುದು ಸರ್ವಿಸ್.

ಪದ್ಮಿನಿಯನ್ನೇ ತೆಗೆದುಕೊಳ್ಳೋಣ: 1089 ಸಿಸಿ, ಸುಮಾರು 40 ಅಶ್ವಶಕ್ತಿ, ಹಿಂದಿನ ಚಕ್ರಕ್ಕೆ ಎಳೆತ. ಪೇಟೆಯಲ್ಲಿ ಅದು ದಿನವಿಡೀ ಅರ್ಧ ಎಕ್ಸಿಲೇಟರ್‌ನಲ್ಲಿ ಓಡುತ್ತದೆ. ಡ್ರ್ಯಾಗ್ ಸ್ಟ್ರಿಪ್ ಕಾಲು ಮೈಲಿ, ಅಂದರೆ 402 ಮೀಟರ್. ಅಲ್ಲಿ ಪೂರ್ತಿ ಒತ್ತಿದ ಎಕ್ಸಿಲೇಟರ್ ಬಿಟ್ಟರೆ ಬೇರೆ ಸ್ಥಿತಿಯೇ ಇಲ್ಲ. ಐಡಲ್ (ಗಾಡಿ ನಿಂತಲ್ಲೇ ಎಂಜಿನ್ ಓಡುವಾಗಿನ) ಸ್ಕ್ರೂ ತಿರುವಿ ‘ಡ್ರ್ಯಾಗಿಗೆ ಸೆಟ್ ಮಾಡೀನಿ’ ಎನ್ನುವ ಮೇಸ್ತ್ರಿಗಳು ಇದನ್ನು ಗಮನಿಸಬೇಕು. ಪೂರ್ತಿ ತೆರೆದಾಗ ಪೆಟ್ರೋಲ್ ಅಳೆಯುವುದು ಮೇನ್ ಜೆಟ್ಟು (ಕಾರ್ಬ್ಯುರೇಟರಿನೊಳಗಿನ ಅಳತೆಯ ತೂತಿನ ತಿರುಪು), ಐಡಲ್ ಸ್ಕ್ರೂಗೆ ಅಲ್ಲಿ ಕೆಲಸವಿಲ್ಲ.

ಮೊದಲು ಗೇಜ್ ಹಚ್ಚಿ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ಎಂಜಿನ್ ಬಿಸಿ ಇರಲಿ, ಪ್ಲಗ್ ನಾಲ್ಕೂ ಬಿಚ್ಚಿ, ಕಾಯಿಲ್ ತಂತಿ ತೆಗೆದು, ಎಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಸಿಲಿಂಡರುಗಳ ನಡುವೆ 10%ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲಿಗೇ ನಿಲ್ಲಿಸಿ. ಹರಿದ ತಂತಿಗೆ ಶ್ರುತಿ ಇಲ್ಲ. ಆಮೇಲೆ ಟ್ಯಾಪೆಟ್ (ವಾಲ್ವಿನ ಸಂದು), ಆಮೇಲೆ ಕಿಡಿ ಹುಟ್ಟಿಸುವ ಸಿಬಿ ಪಾಯಿಂಟಿನ ಗ್ಯಾಪ್ (ಸಾಮಾನ್ಯವಾಗಿ 0.4ರಿಂದ 0.5 ಮಿ.ಮೀ.), ಆಮೇಲೆ ಟೈಮಿಂಗ್ (ಕಿಡಿ ಹಾರುವ ಗಳಿಗೆ), ಕಟ್ಟಕಡೆಗೆ ಜೆಟ್. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮಾಡುತ್ತಿರಬೇಕಾಗುತ್ತದೆ: ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ತಾನಾಗಿ ಸರಿಯುತ್ತದೆ.

ಟೈಮಿಂಗನ್ನು ಕಿವಿಯಿಂದ ಇಡುವ ಚಟ ಬಿಡಿ. ಎಕ್ಸಿಲೇಟರ್ ಪೂರ್ತಿ ತೆರೆದಾಗ ಮ್ಯಾನಿಫೋಲ್ಡಿನಲ್ಲಿ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ವ್ಯಾಕ್ಯೂಮ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಆದ್ದರಿಂದ ವ್ಯಾಕ್ಯೂಮ್ ಪೈಪ್ ಇರುವ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿ) ಆದರೆ ಆ ಪೈಪನ್ನು ಕಿತ್ತು ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು, ಮೇಲಿನ ಆರ್‌ಪಿಎಮ್‌ನ ಒಟ್ಟು ಅಡ್ವಾನ್ಸ್ (ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತದೆ ಎಂಬುದು) ಅಳೆಯಿರಿ. ಹಳೆಯ ಎರಡು ವಾಲ್ವಿನ ಎಂಜಿನ್‌ಗಳಿಗೆ ಬಹುಪಾಲು 30ರಿಂದ 34 ಡಿಗ್ರಿ ಒಪ್ಪುತ್ತದೆ. ಕೆಳಗಿನಿಂದ ಆರಂಭಿಸಿ 2 ಡಿಗ್ರಿಯಂತೆ ಏರಿಸಿ. ಕೊನೆಯ ಗೆರೆಯ ವೇಗ ಏರುವುದು ನಿಂತ ತಕ್ಷಣ ಒಂದು ಹೆಜ್ಜೆ ಹಿಂದೆ ಬನ್ನಿ. ಕಟಕಟ ನಾಕಿಂಗ್ ಕೇಳುವವರೆಗೆ ಏರಿಸಿ ಇಳಿಸುವ ಪದ್ಧತಿಯಲ್ಲಿ ಪಿಸ್ಟನ್ ಹೋಗುತ್ತದೆ; ಬಾಯಿ ತೆರೆದ ಪೈಪಿನ ಗದ್ದಲದಲ್ಲಿ ನಾಕಿಂಗ್ ಕೇಳುವುದೂ ಇಲ್ಲ.

ಜೆಟ್ಟಿನ ವಿಷಯದಲ್ಲಿ ಇಂದಿನ ದೊಡ್ಡ ತಲೆನೋವು ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ 8–9% ಹೆಚ್ಚು ಇಂಧನ ಬೇಕು, ಹಳೇ ಜೆಟ್ಟಿನಲ್ಲಿ ಗಾಡಿ ಲೀನ್ (ಗಾಳಿಗೆ ತಕ್ಕಷ್ಟು ಇಂಧನವಿಲ್ಲದೆ) ಓಡುತ್ತದೆ. ಸೋಲೆಕ್ಸ್ ಕಾರ್ಬ್ಯುರೇಟರಿನ ಜೆಟ್ಟಿನ ಅಂಕಿ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ: 120 ಎಂದರೆ 1.20 ಮಿ.ಮೀ. ತೂತು. ಹರಿವು ತೂತಿನ ಅಗಲದ ವರ್ಗಕ್ಕೆ ತಕ್ಕಂತೆ ಏರುವುದರಿಂದ 120ರ ಜಾಗಕ್ಕೆ 125 ಹಾಕಿದರೆ ಸುಮಾರು 8.5% ಹೆಚ್ಚಾಯಿತು, ಕೊರತೆ ತುಂಬಿತು. ಜೆಟ್ ಕೊಂಡು ತನ್ನಿ. ತಂತಿ ತೂರಿಸಿ ತೂತು ದೊಡ್ಡದು ಮಾಡುವ ಕೈಚಳಕ ಬೇಡ. ಗೀರು ಬಿದ್ದ ಜೆಟ್ಟಿನ ಅಂಕಿಗೆ ಬೆಲೆಯಿಲ್ಲ. ಇ20 ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮುಗಳನ್ನೂ ತಿನ್ನುತ್ತದೆ, ಅವನ್ನು ಮೊದಲೇ ಬದಲಿಸಿ.

ಊರಿನ ಎತ್ತರವನ್ನೂ ಮರೆಯುತ್ತಾರೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಮೇಲೆ, ಗಾಳಿ 6% ತೆಳು. ಇಲ್ಲಿ ಕರಾರುವಾಕ್ಕಾಗಿ ಹೊಂದಿಸಿದ ಗಾಡಿ ಅರಬೈಲ್ ಘಾಟಿ ಇಳಿದು ಕರಾವಳಿಗೆ ಹೋದರೆ ಮತ್ತೆ ಲೀನ್. ಮೇಸ್ತ್ರಿಯನ್ನು ಬಯ್ದು ಪ್ರಯೋಜನವಿಲ್ಲ, ಶ್ರುತಿ ಬದಲಾಯಿತು ಅಷ್ಟೇ. ಸರಿಯಿದೆಯೋ ಎಂದು ನೋಡಲು ಪೂರ್ತಿ ಒತ್ತಿ ಓಡಿಸಿ, ಗೆರೆ ದಾಟಿದೊಡನೆ ಕ್ಲಚ್ ಒತ್ತಿ ಇಗ್ನಿಶನ್ ಆಫ್ ಮಾಡಿ (ಸ್ಟೇರಿಂಗ್ ಲಾಕ್ ಆಗುವಷ್ಟು ಕೀಲಿ ತಿರುವಬೇಡಿ), ನಿಂತ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಐಡಲಿನಲ್ಲಿ ಮನೆಗೆ ಓಡಿಸಿಕೊಂಡು ಬಂದ ಪ್ಲಗ್ಗು ಐಡಲಿನ ಕಥೆಯನ್ನಷ್ಟೇ ಹೇಳುತ್ತದೆ.

ಟೈರಿನ ಹವಾ ಕೂಡ ಟ್ಯೂನಿಂಗೇ, ಅದೂ ಖರ್ಚಿಲ್ಲದ್ದು. ಹೊರಡುವಾಗ ಭಾರ ಹಿಂದಕ್ಕೆ ಬೀಳುವುದರಿಂದ ಹಿಂದಿನ ಚಕ್ರಕ್ಕೆ ಎಳೆತವಿರುವ ಪದ್ಮಿನಿ, ಅಂಬಾಸಡರ್, ಕಾಂಟೆಸ್ಸಾಗಳಿಗೆ ಅದು ಲಾಭ. ಹಿಂದಿನ ಹವಾ 2 ಪಿಎಸ್‌ಐಯಂತೆ ಇಳಿಸುತ್ತ ಬನ್ನಿ, 20ರ ಕೆಳಗೆ ಬೇಡ, ಟ್ಯೂಬಿನ ಟೈರಾದರೆ ವಾಲ್ವ್ ಕಿತ್ತುಬರುತ್ತದೆ. ಮಾರುತಿ 800ರಲ್ಲಿ ಎಳೆತ ಮುಂದಿನ ಚಕ್ರಕ್ಕೆ, ಅಲ್ಲಿ ಇಳಿಸಬೇಕಾದ್ದು ಮುಂದಿನದು.

ಓಟದ ಚೀಟಿಯಲ್ಲಿ ಜನ ಒಟ್ಟು ಸಮಯವನ್ನಷ್ಟೇ ಓದುತ್ತಾರೆ. ಕೊನೆಯ ವೇಗವನ್ನೂ ಪಕ್ಕಕ್ಕಿಟ್ಟು ಓದಿ. ವೇಗ ಏರಿತು, ಸಮಯ ಕೆಟ್ಟಿತು ಎಂದರೆ ಎಂಜಿನ್ ಸರಿಯಿದೆ, ಚಕ್ರ ಸುತ್ತುತ್ತಿದೆ. ಹವಾ, ಕ್ಲಚ್ ನೋಡಿ. ಸಮಯ ಸುಧಾರಿಸಿ ವೇಗ ಹಾಗೇ ಉಳಿದರೆ ಹೊರಟದ್ದಷ್ಟೇ ಚೆನ್ನಾಗಿತ್ತು, ಹೊಸ ಜೆಟ್ಟಿನ ಪವಾಡವೇನಲ್ಲ. ಒಂದು ಓಟಕ್ಕೆ ಒಂದೇ ಬದಲಾವಣೆ.

ಸ್ಟ್ರಿಪ್ ಮುಗಿದ ಮೇಲೆ ಎಲ್ಲವನ್ನೂ ರಸ್ತೆಯ ಅಳತೆಗೆ ತನ್ನಿ, ಮುಖ್ಯವಾಗಿ ಆ ವ್ಯಾಕ್ಯೂಮ್ ಪೈಪು. ಅದನ್ನು ಮರಳಿ ಹಚ್ಚದೆ ಗದಗಕ್ಕೋ ಹಾವೇರಿಗೋ ಹೋಗಿಬಂದವರು ಮೈಲೇಜು ಬಿತ್ತೆಂದು ಪೆಟ್ರೋಲ್ ಬಂಕಿನವರನ್ನು ಬಯ್ಯುತ್ತಿರುತ್ತಾರೆ.