ಲೋನಾರ್ ಕುಳಿ: ಬಿದ್ದ ಕಲ್ಲು ಸಿಗದಿದ್ದರೂ ಉಲ್ಕೆ ಅಂತ ಹೇಳೋದು ಹೇಗೆ?

ಲೋನಾರ್ ಬಗ್ಗೆ ಓದುವಾಗ ನನ್ನನ್ನು ಮೊದಲು ಕಾಡಿದ್ದು ಒಂದೇ ಪ್ರಶ್ನೆ. ಉಲ್ಕೆ ಬಿದ್ದು ಆದ ಕುಳಿ ಅಂತಾರೆ, ಸರಿ, ಬಿದ್ದ ಆ ಕಲ್ಲೆಲ್ಲಿ?

ಮೊದಲು ಜಾಗ ನೋಡೋಣ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆ. ಕುಳಿಯ ಅಗಲ ಸುಮಾರು 1.8 ಕಿ.ಮೀ., ತಳದಲ್ಲಿ ಉಪ್ಪು ಮತ್ತು ಕ್ಷಾರ ಎರಡೂ ಇರುವ ನೀರಿನ ಕೆರೆ. (2020ರ ಜೂನ್‌ನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿ ಸುದ್ದಿಯಾಗಿತ್ತಲ್ಲ, ಅದೇ. ಉಪ್ಪು ನೀರನ್ನು ಇಷ್ಟಪಡುವ ಸೂಕ್ಷ್ಮಜೀವಿಗಳ ಕೆಲಸ ಅದು.) ಸುತ್ತಲೂ ಬರೀ ಬಸಾಲ್ಟ್, ನಮ್ಮ ವಿಜಯಪುರದ ಕಡೆ ಎರೆಮಣ್ಣಿನ ಕೆಳಗೆ ಸಿಗುವ ಅದೇ ಕಪ್ಪು ಕಲ್ಲು.

ಗೊಂದಲಕ್ಕೆ ಕಾರಣ ಈ ಕಲ್ಲೇ. ಬ್ರಿಟಿಷ್ ಅಧಿಕಾರಿ ಸಿ.ಜೆ.ಇ. ಅಲೆಕ್ಸಾಂಡರ್ 1823ರಲ್ಲಿ ಈ ಕುಳಿಯ ಬಗ್ಗೆ ಬರೆದ ಮೇಲೆ ತುಂಬಾ ಕಾಲ ಇದನ್ನು ಜ್ವಾಲಾಮುಖಿಯ ಬಾಯಿ ಅಂತಲೇ ನಂಬಿದ್ದರು. ಲಾವಾ ಹರಿದು ಆದ ನೆಲದಲ್ಲಿ ದುಂಡಗಿನ ಗುಂಡಿ ಕಂಡರೆ ಯಾರಿಗಾದರೂ ಹಾಗೇ ಅನಿಸುತ್ತದೆ ಅಲ್ವಾ? ಆದರೆ ಆ ಲಾವಾ ಹರಿದು ನಿಂತು ಸುಮಾರು 6.5 ಕೋಟಿ ವರ್ಷ ಆಗಿದೆ, ಕುಳಿ ಅದರ ಮುಂದೆ ನಿನ್ನೆ ಮೊನ್ನೆಯದು. ಜೊತೆಗೆ ಅಂಚಿನಲ್ಲಿ ಬಸಾಲ್ಟ್ ಪದರಗಳು, ಜೋರು ಹೊಡೆತ ಬಿದ್ದಾಗ ಆಗುವಂತೆ, ಮೇಲೆದ್ದು ಹೊರಕ್ಕೆ ವಾಲಿವೆ, ಕೆಲವು ಕಡೆ ಮಗುಚಿಯೇ ಬಿದ್ದಿವೆ.

ಇಷ್ಟೇ ಸಾಲದು. ಗಟ್ಟಿ ಸಾಕ್ಷಿ ಬಂದದ್ದು 1973ರಲ್ಲಿ, ಮಾಸ್ಕೆಲಿನೈಟ್ ರೂಪದಲ್ಲಿ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಸಾಮಾನ್ಯವಾಗಿ ಉಲ್ಕೆ ಬಿದ್ದ ಕಡೆ ಹೊಡೆತ ತಿಂದ ಕ್ವಾರ್ಟ್ಜ್ ಅನ್ನೋ ಖನಿಜ ಹುಡುಕುತ್ತಾರೆ, ಆದರೆ ಬಸಾಲ್ಟ್‌ನಲ್ಲಿ ಕ್ವಾರ್ಟ್ಜೇ ಇಲ್ಲ ಅನ್ನಬಹುದು, ಅದರಲ್ಲಿ ಜಾಸ್ತಿ ಇರೋದು ಪ್ಲೇಜಿಯೋಕ್ಲೇಸ್. ಈ ಖನಿಜದ ಮೇಲೆ ಗಾಳಿಯ ಒತ್ತಡದ ಸುಮಾರು 3 ಲಕ್ಷ ಪಟ್ಟು ಒತ್ತಡ ಒಮ್ಮೆಲೇ ಬಿದ್ದರೆ, ಕರಗದೆಯೇ ಒಳಗಿನ ಜೋಡಣೆ ಕುಸಿದು ಗಾಜಾಗುತ್ತದೆ, ಹರಳಿನ ಹೊರ ಆಕಾರ ಮಾತ್ರ ಹಾಗೇ ಉಳಿಯುತ್ತದೆ. ಅದೇ ಮಾಸ್ಕೆಲಿನೈಟ್. ಜ್ವಾಲಾಮುಖಿ ಎಷ್ಟೇ ಜೋರಾಗಿ ಸಿಡಿದರೂ ಇಷ್ಟು ಒತ್ತಡ ಹುಟ್ಟಲ್ಲ. ಇದು ಮೊದಲು ಪತ್ತೆಯಾದದ್ದು 1865ರಲ್ಲಿ ಬಿಹಾರದ ಶೆರ್ಘಾಟಿಯಲ್ಲಿ ಬಿದ್ದ ಉಲ್ಕೆಯಲ್ಲಿ, ಆಮೇಲೆ ನೋಡಿದರೆ ಆ ಕಲ್ಲು ಮಂಗಳ ಗ್ರಹದ್ದು!

ಇನ್ನು ಬಿದ್ದ ಕಲ್ಲು. ಸೆಕೆಂಡಿಗೆ 11 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಬಂದು ಬಡಿದದ್ದು ಬಹುಪಾಲು ಆವಿಯಾಗಿ, ಕರಗಿ ಹೋಗುತ್ತದೆ. ಹಾಗಾಗಿ ಹುಡುಕಬೇಕಾದದ್ದು ಕಲ್ಲನ್ನಲ್ಲ, ಹೊಡೆತದ ಗುರುತನ್ನು.

ವಯಸ್ಸಿನ ವಿಷಯದಲ್ಲಿ ಮಾತ್ರ ಜಗಳ. ಅಲ್ಲಿನ ಮಾದರಿಯನ್ನು ಬಿಸಿ ಮಾಡಿದಾಗ ಹೊಮ್ಮುವ ಬೆಳಕನ್ನು ಅಳೆಯುವ ವಿಧಾನದಲ್ಲಿ ಸುಮಾರು 52,000 ವರ್ಷ ಬಂತು, 2011ರ ಆರ್ಗಾನ್ ಲೆಕ್ಕದಲ್ಲಿ (ಕಲ್ಲಿನೊಳಗೆ ಸೇರಿರುವ ಆರ್ಗಾನ್ ಅನಿಲವನ್ನು ಅಳೆಯುವ ವಿಧಾನ) 5,70,000 ವರ್ಷ. ಹತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ! ನನಗೆ ಎರಡನೆಯದೇ ಹೆಚ್ಚು ನಂಬಿಕೆ, ಆದರೂ ನೀವು ಪರೀಕ್ಷೆಗೆ ಓದುತ್ತಿದ್ದರೆ ಉತ್ತರದಲ್ಲಿ ಎರಡನ್ನೂ ಬರೆಯಿರಿ, ಯಾವ ವಿಧಾನದಿಂದ ಬಂದದ್ದು ಅನ್ನೋದನ್ನೂ ಸೇರಿಸಿ.

ಪಕ್ಕದಲ್ಲೇ ಅಂಬರ್ ಅಂತ ಚಿಕ್ಕ ಕೆರೆ ಇದೆ. ಅದೇ ಉಲ್ಕೆಯ ಚೂರು ಬಿದ್ದು ಆದದ್ದು ಅನ್ನುವ ಊಹೆ ಇದೆ. ಅದನ್ನು ಮಾತ್ರ ಊಹೆ ಅಂತಲೇ ಬರೆಯಿರಿ.